ಒಳಮೆಟ್ಟಿಲಿನ ತಿರುವು

ಪಿಂಚಣಿಯ ಕಾಗದಕ್ಕೆ ಒಂದು ಸಹಿ ಹಾಕಿಸಲೆಂದು ಹೋದ ತಿಂಗಳು ನನ್ನ ಹಳೆಯ ಕಚೇರಿಗೆ ಹೋಗಿದ್ದೆ. ಹೊಸದಾಗಿ ಸೇರಿದ ಇಂಜಿನಿಯರ್ ಹುಡುಗಿಯೊಬ್ಬಳು ಎದ್ದು ನಿಂತು ಕುರ್ಚಿ ಕೊಟ್ಟಳು. “ಸರ್, ಹಳೇ ಬೀದಿಗಳಲ್ಲಿ ಹೊಸ ಮನೆ ಕಟ್ಟೋದರಲ್ಲಿ ನೀವು ಎಕ್ಸ್‌ಪರ್ಟ್ ಅಂತೆ. ಏನಾದ್ರೂ ಟಿಪ್ಸ್ ಕೊಡಿ” ಅಂದಳು. ಟಿಪ್ಸ್ ಕೊಡೋಕೆ ನಾನೇನು ಹೋಟೆಲಿಗೆ ಕಾಫಿ ಕುಡಿಯೋಕೆ ಬಂದಿದ್ದೀನೇನಮ್ಮ ಎಂದು ರೇಗಿಬಿಟ್ಟೆ. ಪಾಪ, ಅವಳ ಮುಖ ಚಿಕ್ಕದಾಯಿತು. ಮನೆಗೆ ಬಂದ ಮೇಲೂ ಅದು ಮನಸ್ಸಿನಿಂದ ಹೋಗಲಿಲ್ಲ. ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಎಕ್ಸ್‌ಪರ್ಟ್ ಎಂಬ ಮಾತು ನನಗೆ ಚುಚ್ಚಿತ್ತು ಅಷ್ಟೆ. ಯಾಕೆ ಚುಚ್ಚಿತು ಎಂಬುದನ್ನು ಅವಳಿಗೆ ಅಲ್ಲಿ ನಿಂತು ಹೇಳಲು ಆಗುತ್ತಿರಲಿಲ್ಲ. ಅದಕ್ಕೇ ಈ ಬರಹ.

ನಾನು ಯಾವಾಗ ಸೇರಿದೆ, ಯಾವಾಗ ಮೇಲಿನ ಹುದ್ದೆಗೆ ಹೋದೆ ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ. ಬೇಕಾದವರು ಅಲ್ಲೇ ಓದಿಕೊಳ್ಳಲಿ. ನಕ್ಷೆ ಬರೆಯುವವನಾಗಿ ಸೇರಿ, ಇಂಜಿನಿಯರಾಗಿ ನಿವೃತ್ತನಾದೆ. ಟಿ. ನರಸೀಪುರ ಮತ್ತು ನಂಜನಗೂಡು ಬಿಟ್ಟರೆ ನಾನು ಹೆಚ್ಚು ಊರು ಕಂಡವನಲ್ಲ. ಸೋಸಲೆಯ ಪಕ್ಕದ ಹಳ್ಳಿಯವನು. ಬಡವರಿಗೆ ಮನೆ ಕಟ್ಟಿಕೊಡುವ ಯೋಜನೆಗಳು ಬರುತ್ತಿದ್ದವು, ಹೋಗುತ್ತಿದ್ದವು, ಹೆಸರು ಬದಲಾಯಿಸಿಕೊಳ್ಳುತ್ತಿದ್ದವು. ಊರಾಚೆ ಬಯಲಿನಲ್ಲಿ ಕಟ್ಟುವ ಮನೆಗಳನ್ನು ಯಾರು ಬೇಕಾದರೂ ಬರೆಯಬಹುದು. ದೇವಸ್ಥಾನದ ಸುತ್ತಿನ ಹಳೆಯ ಕೇರಿಗಳಲ್ಲಿ, ನೂರಾರು ವರ್ಷದಿಂದ ಜನ ಕೂತು ಎದ್ದು ಸವೆಸಿದ ಬೀದಿಯಲ್ಲಿ, ಬಿದ್ದ ಮನೆಯ ಜಾಗದಲ್ಲಿ ಹೊಸ ಮನೆ ನಿಲ್ಲಿಸುವುದು ಬೇರೆಯದೇ ಕೆಲಸ. ಅಂಥವು ನನ್ನ ಮೇಜಿಗೇ ಬರುತ್ತಿದ್ದವು.

ಆ ಕೆಲಸವನ್ನು ನನಗೆ ಕಲಿಸಿದವರು ನರಸೀಪುರದಲ್ಲಿದ್ದ ರಾಮೇಗೌಡ ಸಾಹೇಬರು. ಬಾಯಲ್ಲಿ ಸದಾ ಎಲೆಯಡಿಕೆ. ಮಾತು ಕಡಿಮೆ, ಆಡಿದರೆ ಒಂದೊಂದೂ ನಾಟುವಂಥದು. ಮೊದಲ ಸಲ ಒಂದು ಹಳೆಯ ಓಣಿಯ ಅಳತೆಗೆ ಕರೆದುಕೊಂಡು ಹೋದಾಗ ನಾನು ಉತ್ಸಾಹದಿಂದ ಟೇಪು ಬಿಚ್ಚಿದೆ.

“ಅದನ್ನ ಜೇಬಿಗೆ ಹಾಕು” ಅಂದರು. “ಇವತ್ತು ಅಳತೆ ಇಲ್ಲ. ಆ ಜಗಲಿ ಮೇಲೆ ಕೂತ್ಕೋ.”

“ಕೂತ್ಕೊಂಡು ಏನ್ ಮಾಡ್ಲಿ ಸಾರ್?”

“ಯಾರು ಯಾವ ಹೊತ್ತಿಗೆ ಎಲ್ಲಿ ಕೂರ್ತಾರೆ, ಎಲ್ಲಿ ನಿಂತು ಮಾತಾಡ್ತಾರೆ, ನೀರೆಲ್ಲಿ ಚೆಲ್ತಾರೆ ನೋಡು. ಸಂಜೆ ಬಂದು ಹೇಳು.”

ಸಾಹೇಬರಿಗೆ ಸೋಮಾರಿತನ, ತಮ್ಮ ಕೆಲಸವನ್ನು ನನ್ನ ತಲೆಗೆ ಕಟ್ಟುತ್ತಿದ್ದಾರೆ ಅಂದುಕೊಂಡೆ. ದಿನವಿಡೀ ಕೂತೆ. ಒಬ್ಬ ಹೆಂಗಸು ಮಜ್ಜಿಗೆ ತಂದುಕೊಟ್ಟು, ಯಾರ ಮನೆಗೆ ಹೆಣ್ಣು ನೋಡಲು ಬಂದಿದ್ದೀಯಪ್ಪ ಎಂದು ಕೇಳಿದಳು. ಸಂಜೆ ಹೋಗಿ ಏನೋ ಒಂದಿಷ್ಟು ಒಪ್ಪಿಸಿದೆ. ಅವರು ಕೇಳಿಸಿಕೊಂಡು, “ನಾಳೇನೂ ಕೂತ್ಕೋ” ಅಂದರು.

ಅಷ್ಟು ಕೂರಿಸಿದರೂ ನಾನು ತಪ್ಪು ಮಾಡಿದೆ. ಆ ಓಣಿಯಲ್ಲಿ ಎಂಟು ಮನೆ ಕಟ್ಟಬೇಕಿತ್ತು, ಈ ಕಡೆ ನಾಲ್ಕು, ಆ ಕಡೆ ನಾಲ್ಕು. ಹಾಳೆಯ ಮೇಲೆ ಸ್ಕೇಲು ಇಟ್ಟು ಈ ಬದಿಯಿಂದ ಆ ಬದಿಗೆ ಒಂದೇ ಗೆರೆ ಎಳೆದೆ, ಬಾಗಿಲಿಗೆ ಸರಿಯಾಗಿ ಎದುರು ಬಾಗಿಲು ಬಂತು. ನೋಡಲು ಅಚ್ಚುಕಟ್ಟಾಗಿತ್ತು. ಗೋಡೆ ಎದ್ದು ಬಾಗಿಲ ಚೌಕಟ್ಟು ಕೂತ ದಿನ ಆ ಓಣಿಯ ಯಜಮಾನರೊಬ್ಬರು ಬಂದು, ಒಂದು ಬಾಗಿಲಲ್ಲಿ ನಿಂತು ಎದುರಿನ ಬಾಗಿಲು ನೋಡಿದರು.

“ಎದುರಾಬದುರಾ ಬಾಗ್ಲು ಮಡಗಿದ್ದೀರಲ್ಲಾ ಸಾ. ನಾಳೀಕೆ ಎರಡು ಮನೇವ್ರೂ ಮಾತು ಬಿಟ್ರೆ, ಬಾಗ್ಲು ತೆಗೆಯೋದ್ಯೆಂಗೆ?”

ನಾನು ನಕ್ಕೆ. ಸಾಹೇಬರು ನಗಲಿಲ್ಲ. ನನ್ನ ಕೈ ಹಿಡಿದು ಹಳೆಯ ಓಣಿಗಳಲ್ಲಿ ಸುತ್ತಿಸಿದರು. ಒಂದು ಮನೆಯ ಬಾಗಿಲೂ ಇನ್ನೊಂದರ ಬಾಗಿಲನ್ನು ನೋಡುತ್ತಿರಲಿಲ್ಲ. ಎಲ್ಲವೂ ಒಂದು ಮಾರು ಆಚೆ, ಇಲ್ಲವೇ ಒಂದು ಮಾರು ಈಚೆ. ಎರಡು ದಿನ ಅಂಥದೇ ಓಣಿಯಲ್ಲಿ ಕೂತವನಿಗೆ ಅದು ಕಂಡಿರಲಿಲ್ಲ. ನಾಲ್ಕು ಮನೆಯ ಗೋಡೆ ಒಡೆಸಿ ಚೌಕಟ್ಟು ಸರಿಸಿದೆವು. ಪ್ರತಿಯೊಂದು ಮನೆಯವರ ಮುಂದೆಯೂ ನಿಂತು, ತಪ್ಪು ನನ್ನದು ಎಂದು ನಾನೇ ಹೇಳಬೇಕು ಎಂದು ಸಾಹೇಬರು ಹಟ ಹಿಡಿದರು, ಹೇಳಿದೆ. ವಾಪಸು ಬರುವಾಗ, “ನಿನ್ನ ಗೆರೆ ನೆಟ್ಟಗಿತ್ತು ಕಣಯ್ಯ. ಮುಂದೆ ಯಾವತ್ತಾದ್ರೂ ಗೆರೆಗೂ ಜನಕ್ಕೂ ಜಗಳ ಬಂದ್ರೆ ಗೆರೆ ಅಳಿಸು” ಅಂದರು. ಆ ಮಾತನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಪಾಲಿಸುವ ಹೊತ್ತು ಬಂದಾಗ ಪಾಲಿಸಲಿಲ್ಲ.

ಆಗ ನಕ್ಷೆ ಬರೆಯುತ್ತಿದ್ದುದು ಟ್ರೇಸಿಂಗ್ ಹಾಳೆಯ ಮೇಲೆ, ಇಂಕಿನಲ್ಲಿ. ತಪ್ಪಿದರೆ ಬ್ಲೇಡಿನಿಂದ ಕೆರೆಯಬೇಕು. ಪ್ರಿಂಟು ತೆಗೆಯುವ ಕೋಣೆಯ ಅಮೋನಿಯಾ ವಾಸನೆಗೆ ಕಣ್ಣಲ್ಲಿ ನೀರು. ಆ ಕಾಲವೇ ಚೆನ್ನಾಗಿತ್ತು ಎಂದು ಹೇಳುವವನಲ್ಲ ನಾನು, ನನ್ನ ಕಣ್ಣು ಹಾಳಾದದ್ದೇ ಅಲ್ಲಿ. ಆದರೆ ಒಂದು ವಿಷಯ ಇತ್ತು. ಹದಿನಾಲ್ಕು ಮನೆ ಬರೆಯಬೇಕಾದರೆ ಹದಿನಾಲ್ಕು ಸಲ ಮೆಟ್ಟಿಲು ಬರೆಯಬೇಕಿತ್ತು. ಬೆನ್ನು ನೋಯುತ್ತಿತ್ತು, ಹಾಗಾಗಿ ಮಧ್ಯೆ ಪೆನ್ನು ಇಟ್ಟು ಸುಮ್ಮನೆ ಹಾಳೆ ನೋಡುತ್ತಿದ್ದೆವು. ಹಾಗೆ ನೋಡುವಾಗ, ಈ ಬಾಗಿಲು ತೆಗೆದರೆ ಒಲೆಗೆ ತಾಗುತ್ತದಲ್ಲ, ಇಲ್ಲಿ ಕೊಡ ಹೊತ್ತವಳು ಹೇಗೆ ತಿರುಗುತ್ತಾಳೆ ಎಂದೆಲ್ಲ ತೋಚುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಒಂದು ಮನೆ ಬರೆದರೆ ಉಳಿದದ್ದೆಲ್ಲ ಒಂದು ಗುಂಡಿ ಒತ್ತಿದರೆ ಬಂತು. ಸರಿಯಿದ್ದರೆ ಎಲ್ಲವೂ ಸರಿ, ತಪ್ಪಿದ್ದರೆ ಎಲ್ಲವೂ ತಪ್ಪು. ಅದು ಯಂತ್ರದ ದೋಷವಲ್ಲ. ನೋಡುವುದನ್ನು ಬಿಟ್ಟವನು ನಾನು.

ಈಗ ನಂಜನಗೂಡಿನ ಕೇರಿಯ ವಿಷಯಕ್ಕೆ ಬರುತ್ತೇನೆ. ನಿಜ ಹೇಳಬೇಕೆಂದರೆ ಇಷ್ಟು ಹೊತ್ತು ಅದನ್ನು ಮುಂದಕ್ಕೆ ಹಾಕುತ್ತಿದ್ದೆ.

ಕಪಿಲೆ ತುಂಬಿ ಹಳೆಯ ಊರಿನೊಳಕ್ಕೆ ನುಗ್ಗಿದ ಒಂದು ವರ್ಷ, ದೇವಸ್ಥಾನಕ್ಕೆ ಹತ್ತಿರದ ಒಂದು ಕೇರಿಯ ಮಣ್ಣಿನ ಗೋಡೆಗಳು ನೀರು ಕುಡಿದು ಕುಸಿದವು. ಹದಿನಾಲ್ಕು ಮನೆ. ಹೆಚ್ಚಿನವರು ನಮ್ಮ ಪೈಕಿಯವರೇ, ಲಿಂಗಾಯತರು. ವಿಭೂತಿ, ಪೂಜೆ ಸಾಮಾನು ಮಾರುವವರು, ತಾಂಡ್ಯದ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುವವರು. ಊರಾಚೆ ಜಾಗ ಕೊಡುತ್ತೇವೆ ಎಂದರೆ ಯಾರೂ ಒಪ್ಪಲಿಲ್ಲ. ಇದ್ದರೆ ಇದೇ ಬೀದಿಯಲ್ಲಿ ಇರುತ್ತೇವೆ ಎಂದರು. ಆ ಹೋರಾಟಕ್ಕೆ ಮುಂದೆ ನಿಂತವರು ಚನ್ನಾಜಮ್ಮ ಎಂಬ ಎಪ್ಪತ್ತು ದಾಟಿದ ಹೆಂಗಸು. ಆ ಬೀದಿಗೆ ಮದುವೆಯಾಗಿ ಬಂದವರು, ಅಲ್ಲಿಂದಲೇ ಗಂಡನನ್ನು ಮಣ್ಣಿಗೆ ಕಳಿಸಿಕೊಟ್ಟವರು. ಮಗ ಮಲ್ಲು, ಸೊಸೆ ರತ್ನ, ಇಬ್ಬರು ಮೊಮ್ಮಕ್ಕಳ ಜೊತೆ ಇದ್ದರು. ದೊಡ್ಡ ಅಧಿಕಾರಿಗಳು ನೋಡಲು ಬಂದ ದಿನ ಅವರ ಕಾರಿನ ಮುಂದೆ ಕೋಲೂರಿ ನಿಂತು, “ನಾವು ಈ ಬೀದೀಲಿ ಬದುಕಿದ್ದೀವಿ, ಈ ಬೀದಿಯಿಂದ್ಲೇ ಒಂಟೋಯ್ತೀವಿ. ಬ್ಯಾರೆ ಕಡೆ ಮನೆ ಬ್ಯಾಡ” ಎಂದಿದ್ದರು. ಅಧಿಕಾರಿಗಳು ಮಣಿದರು.

ಆದರೆ ನದಿಯ ಅಂಚು ಬಿಡಬೇಕು, ರಸ್ತೆ ಅಗಲ ಮಾಡಬೇಕು ಎಂದು ಜಾಗ ಕತ್ತರಿಸಿದ ಮೇಲೆ ಏಳು ಮನೆಗೆ ಸಾಲುವಷ್ಟು ನೆಲ ಉಳಿಯಿತು. ಹಾಗಾಗಿ ಕೆಳಗೊಂದು ಸಂಸಾರ, ಮೇಲೊಂದು ಸಂಸಾರ ಎಂದು ತೀರ್ಮಾನವಾಯಿತು. ಹಳೆಯ ಬೀದಿಯ ಚೆಲುವು ಕೆಡಬಾರದು ಎಂಬ ಷರತ್ತೂ ಬಂತು. ನನಗೆ ಅದು ಹಬ್ಬವಾಯಿತು. ಪಕ್ಕದ ಹಳೆಯ ಮನೆಗಳ ಸೂರಿನ ಎತ್ತರ ಅಳೆದೆ, ಕಂಬದ ತಲೆಯ ಮೇಲಿನ ಬೋದಿಗೆಯ ಅಚ್ಚು ತೆಗೆದೆ, ಹೆಂಚಿನ ಇಳಿಜಾರು ಲೆಕ್ಕ ಹಾಕಿದೆ. ಜಗಲಿಯನ್ನು ಮಾತ್ರ ಒಂದು ಅಂಗುಲವೂ ಕಿರಿದು ಮಾಡಲಿಲ್ಲ. ರಾಮೇಗೌಡರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು ಅಂದುಕೊಂಡೆ.

ತೊಡಕು ಬಂದದ್ದು ಮೆಟ್ಟಿಲಿಗೆ. ಮೊದಲು ನಾನು ಬೀದಿಯ ಕಡೆಯಿಂದ ನೇರವಾಗಿ ಮೇಲಕ್ಕೆ ಹೋಗುವ ಅಗಲವಾದ ಹೊರಮೆಟ್ಟಿಲು ಬರೆದಿದ್ದೆ. ಆಗಿನ ಸಾಹೇಬರು ಹೊಸಬರು, ಚುರುಕಿನವರು. ನಕ್ಷೆ ನೋಡಿ, “ಇದೇನ್ರೀ, ಲಾಡ್ಜ್ ತರಹ ಕಾಣ್ತಿದೆ” ಅಂದರು. ಅವರ ಮೇಲೆ ಹೊರಿಸುವುದು ಸುಲಭ. ಆದರೆ ನನಗೂ ಹಾಗೇ ಅನ್ನಿಸಿತ್ತು. ಸಾಲು ಜಗಲಿಗಳ ಮಧ್ಯೆ ಏಳು ಕಡೆ ಮೆಟ್ಟಿಲು ಬಂದರೆ ಬೀದಿಯ ಮುಖವೇ ಕೆಡುತ್ತದೆ ಎಂದು ನಾನೇ ಒತ್ತಿ ಹೇಳಿದೆ. ಮೆಟ್ಟಿಲನ್ನು ಮನೆಯ ಪಕ್ಕದ ಗೋಡೆಗಳ ನಡುವೆ ಒಳಗೆ ಅಡಗಿಸಿದೆ. ಎರಡೂಮುಕ್ಕಾಲು ಅಡಿ ಅಗಲ, ಅರ್ಧಕ್ಕೆ ಒಂದು ತಿರುವು. ಬೀದಿಯಿಂದ ನೋಡಿದರೆ ಮೇಲೆ ಇನ್ನೊಂದು ಸಂಸಾರ ಇದೆ ಎಂದೇ ಗೊತ್ತಾಗುತ್ತಿರಲಿಲ್ಲ. ಅದರ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು.

ಯಾರು ಮೇಲೆ, ಯಾರು ಕೆಳಗೆ ಎಂಬುದನ್ನು ಬಸವನ ಗುಡಿಯ ಮುಂದೆ ಚೀಟಿ ಎತ್ತಿ ನಿರ್ಧರಿಸಿದೆವು. ಚನ್ನಾಜಮ್ಮನಿಗೆ ಮೇಲಿನ ಮನೆ ಬಂತು. ಕೆಳಗಿನದು ಸವಿತಾ ಎಂಬ ಹೊಸದಾಗಿ ಮದುವೆಯಾದ ಹುಡುಗಿಯ ಸಂಸಾರಕ್ಕೆ. ಒಂದು ವಾರದ ಮೇಲೆ ನಾನು ಕಾಮಗಾರಿ ನೋಡಲು ಹೋಗಿದ್ದಾಗ ಚನ್ನಾಜಮ್ಮ ಕೋಲೂರಿಕೊಂಡು ಬಂದರು. ಮೆಟ್ಟಿಲಿಗೆ ಆಗಷ್ಟೇ ಕಾಂಕ್ರೀಟು ಬಿದ್ದಿತ್ತು. ಬಗ್ಗಿ ಒಳಗೆ ಇಣುಕಿ ನೋಡಿದರು.

“ಸಾ, ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡಿ.”

“ಕೇಳಿ ಅವ್ವ.”

“ನಾಳೀಕೆ ನಾನು ಸತ್ರೆ, ಕೂರಿಸ್ಕಂಡು ಇಳಿಸಕಾಯ್ತದಾ ಇದ್ರಲ್ಲಿ?”

ನಮ್ಮ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸಿ ಕಳಿಸುವುದಿಲ್ಲ. ಮೈ ಬಿಗಿಯುವ ಮುಂಚೆಯೇ ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಹಣೆಗೆ ವಿಭೂತಿ, ಅಂಗೈಯಲ್ಲಿ ಲಿಂಗ. ಜಗಲಿಯ ಮೇಲೆ ಕೂರಿಸಿ ಬೀದಿಯವರೆಲ್ಲ ಕೈ ಮುಗಿದ ಮೇಲೆ, ಕೂತ ಹಾಗೆಯೇ ಬಿದಿರಿನ ಮಂಟಪದಲ್ಲಿ ಹೊತ್ತು ಒಯ್ಯುತ್ತೇವೆ. ಮಣ್ಣಿನೊಳಗೂ ಕೂತೇ ಇರುತ್ತಾರೆ. ಮಲಗಿಸಿದರೆ ಅದು ಹೆಣ, ಕೂರಿಸಿದರೆ ಮನುಷ್ಯ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ನನ್ನ ತಂದೆಯನ್ನು ಹಾಗೇ ಕಳಿಸಿಕೊಟ್ಟವನು ನಾನು. ಊರಿನ ಅಗಲ ಬಾಗಿಲಿನ ಮನೆಯಲ್ಲಿ ಅದೊಂದು ಯೋಚಿಸಬೇಕಾದ ವಿಷಯವೇ ಆಗಿರಲಿಲ್ಲ.

“ಅದೆಲ್ಲ ಈಗ್ಯಾಕವ್ವ, ಇನ್ನೂ ಮೊಮ್ಮಕ್ಕಳ ಮದುವೆ ಮಾಡಬೇಕು ನೀವು” ಅಂದೆ.

“ಮಾಡವ. ಮದುವೆಗಾದ್ರೆ ನಾನೇ ನಡ್ಕಂಡು ಇಳೀತೀನಿ. ಅವತ್ತಿನ ಮಾತು ಕೇಳ್ತಾ ಇರೋದು. ನೀವೂ ನಮ್ಮವ್ರೇ ಅಲ್ವಾ, ನಿಮ್ಗೆ ಬಿಡಿಸಿ ಯೋಳ್ಬೇಕಾ?”

ಆಮೇಲೆ ಇನ್ನೊಂದು ಮಾತು ಹೇಳಿದರು. ಸವಿತಾಳನ್ನು ಆಗಲೇ ಕೇಳಿದ್ದರಂತೆ. ಆ ಹುಡುಗಿ, ನಮಗೇನಜ್ಜಿ, ನಾವು ಮೇಲೇ ಇರ್ತೀವಿ, ನೀವು ಕೆಳಗೆ ಬನ್ನಿ ಎಂದಿದ್ದಳಂತೆ. ಚೀಟಿ ಬದಲಾಯಿಸಲು ನಾನು ಒಂದು ಟಿಪ್ಪಣಿ ಬರೆದರೆ ಸಾಕಿತ್ತು. ಅರ್ಧ ಪುಟ. ಒಬ್ಬರಿಗೆ ಬದಲಾಯಿಸಿದರೆ ಹದಿಮೂರು ಜನ ಬಾಗಿಲಿಗೆ ಬರುತ್ತಾರೆ ಎಂದು ಹೆದರಿದೆ. ಉದ್ಘಾಟನೆಯ ದಿನ ನಿಗದಿಯಾಗಿತ್ತು. “ನೋಡ್ತೀನಿ ಅವ್ವ, ಅಳತೆ ಹಾಕಿ ಹೇಳ್ತೀನಿ” ಅಂದೆ.

ಅಳತೆ ಹಾಕಿದ್ದೂ ನಿಜ. ಕಚೇರಿಗೆ ಬಂದು ಒಂದು ಮರದ ಕುರ್ಚಿಯ ಅಗಲ ಅಳೆದೆ, ಮೆಟ್ಟಿಲಿನ ಅಗಲಕ್ಕೆ ಹೋಲಿಸಿದೆ. ಎರಡೂ ಪಕ್ಕ ಜಾಗ ಉಳಿಯುತ್ತಿತ್ತು. ಕುರ್ಚಿಯ ಅಳತೆ ತೆಗೆದುಕೊಂಡೆ, ಅದರಲ್ಲಿ ಕೂತವರ ಅಳತೆ ತೆಗೆದುಕೊಳ್ಳಲಿಲ್ಲ. ಚಕ್ಕಳಮಕ್ಕಳ ಹಾಕಿದವರ ಮಂಡಿಗಳು ಎಲ್ಲಿಗೆ ಬರುತ್ತವೆ, ಹೊರುವವರು ಎಲ್ಲಿ ನಿಲ್ಲುತ್ತಾರೆ, ತಿರುವಿನಲ್ಲಿ ಹೇಗೆ ತಿರುಗುತ್ತಾರೆ, ಯಾವುದನ್ನೂ ನೋಡಲಿಲ್ಲ. ಮುಂದಿನ ವಾರ ಹೋಗಿ, “ಅಡ್ಡಿಯಿಲ್ಲ ಅವ್ವ, ಧಾರಾಳವಾಗಿ ಆಗುತ್ತೆ” ಅಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು, “ನೀವು ಯೋಳಿದ್ಮೇಲೆ ಮುಗೀತು ಬಿಡಿ” ಅಂದರು. ಸವಿತಾಳ ಜೊತೆ ಅವರು ಮತ್ತೆ ಆ ಮಾತು ಎತ್ತಲಿಲ್ಲ. ಆಮೇಲೆ ಮುದುಕರಿಗೆ ಅನುಕೂಲವಾಗಲಿ ಎಂದು ನಾನೇ ಮುತುವರ್ಜಿಯಿಂದ ಮೆಟ್ಟಿಲಿನ ಎರಡೂ ಗೋಡೆಗೆ ಕಬ್ಬಿಣದ ಹಿಡಿಕಂಬಿ ಹಾಕಿಸಿದೆ. ಅದರಿಂದ ಇದ್ದ ಜಾಗವೂ ಇನ್ನಷ್ಟು ಕಿರಿದಾಯಿತು.

ಮನೆಗಳನ್ನು ಎಲ್ಲರೂ ಹೊಗಳಿದರು. ಕಾಲೇಜುಗಳಿಂದ ಮಕ್ಕಳನ್ನು ಕರೆತಂದು ತೋರಿಸಿದರು. ಯಾವುದು ಹಳೆಯ ಮನೆ, ಯಾವುದು ಹೊಸದು ಎಂದು ಗೊತ್ತೇ ಆಗುವುದಿಲ್ಲ ಎಂದು ಬಂದವರೆಲ್ಲ ಅನ್ನುತ್ತಿದ್ದರು. ನಾನು ವಿನಯದಿಂದ ತಲೆ ಬಗ್ಗಿಸುತ್ತಿದ್ದೆ. ಆ ವಿನಯ ಎಷ್ಟು ಸುಳ್ಳು ಎಂದು ನನಗೇ ಗೊತ್ತು.

ನಿವೃತ್ತನಾದ ಮೊದಲ ವರ್ಷವೇ, ಒಂದು ಸೋಮವಾರ ಬೆಳಗ್ಗೆ ಮಲ್ಲು ಫೋನು ಮಾಡಿದ.

“ಸಾ, ನಮ್ಮವ್ವ ಓಗ್ಬಿಟ್ರು.”

ಬರುತ್ತೇನೆ ಅಂದೆ. ಅವನು ಫೋನು ಇಡಲಿಲ್ಲ. “ಬೇಗ ಬನ್ನಿ ಸಾ. ಕೆಳೀಕೆ ತರಕ್ಕಾಯ್ತಾ ಇಲ್ಲ” ಅಂದ.

ಕೂಡಲೇ ಆ ಬೀದಿಗೆ ಹೋದೆ. ಬಿದಿರಿನ ಮಂಟಪ ಕಟ್ಟಿ ಹೂವು ಮುಡಿಸಿ ಬೀದಿಯಲ್ಲಿ ಇಟ್ಟಿದ್ದರು. ಸವಿತಾ ತನ್ನ ಜಗಲಿ ತೊಳೆದು ಕಂಬಳಿ ಹಾಸಿದ್ದಳು. ಜನ ಸೇರಿದ್ದರು. ಜಗಲಿ ಮಾತ್ರ ಖಾಲಿ. ಎಲ್ಲರೂ ಮೆಟ್ಟಿಲಿನ ಬಾಗಿಲ ಕಡೆ ನೋಡುತ್ತಿದ್ದರು, ಆಮೇಲೆ ನನ್ನ ಕಡೆ ನೋಡಿದರು.

ಮೇಲೆ ಹೋದೆ. ಚನ್ನಾಜಮ್ಮ ಗೋಡೆಗೆ ಒರಗಿ ಕೂತಿದ್ದರು. ಹಸಿರು ಸೀರೆ, ಹಣೆ ತುಂಬ ವಿಭೂತಿ. ಕಾರಿನ ಮುಂದೆ ನಿಂತ ದಿನದಷ್ಟೇ ಗಟ್ಟಿಯಾಗಿ ಕೂತಿದ್ದರು. ರತ್ನ ಪಕ್ಕದಲ್ಲಿ ಕೂತು ಅತ್ತೆಯ ಸೆರಗು ಸರಿಪಡಿಸುತ್ತಿದ್ದಳು. ಕುರ್ಚಿಯಲ್ಲಿ ಕೂರಿಸಿ ಒಮ್ಮೆ ಇಳಿಸಲು ಹೋಗಿ, ತಿರುವಿನಲ್ಲಿ ಸಿಕ್ಕಿ ವಾಪಸು ತಂದಿದ್ದರು. ಇನ್ನೊಮ್ಮೆ ನನ್ನ ಮುಂದೆ ಪ್ರಯತ್ನಿಸಿದರು. ಮಂಡಿಗಳು ಎರಡೂ ಹಿಡಿಕಂಬಿಗೆ ತಾಗಿದವು. ಯಾರೋ ಸ್ಪ್ಯಾನರು ತಂದು ಹಿಡಿಕಂಬಿ ಬಿಚ್ಚಿದರು. ಎಂಟು ಮೆಟ್ಟಿಲು ಇಳಿದು ತಿರುವಿಗೆ ಬಂದಾಗ ಮುಂದೆ ಹಿಡಿದವನು ಗೋಡೆಗೆ ಒತ್ತಿಕೊಂಡ, ಕುರ್ಚಿ ಓರೆಯಾಯಿತು. ಅವರ ತಲೆ ಒಂದು ಕಡೆ ವಾಲಿತು. ರತ್ನ ಕಿರುಚಿಕೊಂಡಳು. ಮತ್ತೆ ಮೇಲಕ್ಕೆ ತಂದರು.

ಮಲ್ಲು ನನ್ನ ಕಡೆ ತಿರುಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಒಳ್ಳೆಯದಿತ್ತು.

“ನೀವೇ ಯೋಳಿ ಸಾ, ಯೆಂಗ್ ತಿರುಗಿಸಾದು? ನಿಮ್ಗೊಂದು ಲೆಕ್ಕ ಇರ್ತದಲ್ಲಾ.”

ಲೆಕ್ಕ ಇರಲಿಲ್ಲ. ಬೀದಿಯ ಕಡೆಯ ಕಿಟಕಿ ಒಡೆಯೋಣ, ಅಲ್ಲಿಂದ ಹಗ್ಗ ಕಟ್ಟಿ ನಿಧಾನವಾಗಿ ಇಳಿಸೋಣ ಅಂದೆ. ಹಳೆಯ ಮನೆಗಳ ಹಾಗೆ ಕಾಣಲಿ ಎಂದು ಮರದ ಸರಳು ಹಾಕಿಸಿದ್ದ ಕಿಟಕಿ ಅದು. ನಾನೇ ಹಾರೆ ತರಿಸುತ್ತೇನೆ ಅಂದೆ.

ರತ್ನ ಎದ್ದು ನಿಂತಳು. “ಅಗ್ಗ ಕಟ್ಟಿ ಇಳಿಸ್ತೀರಾ? ಬೀದಿ ಜನಾ ಎಲ್ಲಾ ನೋಡ್ತಿರಂಗೆ? ನಮ್ಮತ್ತೆ ಏನ್ ಮೂಟೇನಾ?”

ಮಠದಿಂದ ಬಂದಿದ್ದ ಅಯ್ಯನವರು ಮಲ್ಲುವಿನ ಹೆಗಲ ಮೇಲೆ ಕೈಯಿಟ್ಟು, “ಮಗಾ, ಎತ್ಕೊ ನಿಮ್ಮವ್ವನ್ನ. ಶಿವ ತಪ್ಪು ತಿಳ್ಕಳಲ್ಲ” ಅಂದರು.

ಮಲ್ಲು ಟವೆಲು ಸೊಂಟಕ್ಕೆ ಬಿಗಿದು ತಾಯಿಯನ್ನು ಎದೆಗೆ ಅಪ್ಪಿಕೊಂಡು ಎತ್ತಿದ. ಮಡಿಸಿದ ಕಾಲುಗಳು ಬಿಗಿದಿದ್ದವು, ಒಂದು ಪಕ್ಕಕ್ಕೆ ವಾಲಿಸಿ ಹಿಡಿಯಬೇಕಾಯಿತು. ಅವನು ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿದ. ಅವರ ಬೆನ್ನಿಗೆ ಕೈ ಕೊಟ್ಟು ನಾನು ಮೇಲಿನ ಮೆಟ್ಟಿಲಲ್ಲಿದ್ದೆ. ತಿರುವಿನಲ್ಲಿ ಅವನು ಅವರನ್ನು ಅಡ್ಡಡ್ಡಲಾಗಿ, ಪೂರ್ತಿ ಮಲಗಿಸಿಯೇ ತಿರುಗಿಸಬೇಕಾಯಿತು. ಆ ಒಂದು ಕ್ಷಣ ಅವರ ಮುಖ ಮೇಲಕ್ಕೆ ನನ್ನ ಕಡೆ ಇತ್ತು. ಮಂಡಿ ಗೋಡೆಗೆ ಉಜ್ಜಿ ಸೀರೆ ಹರಿಯಿತು. ಹಣೆಯ ವಿಭೂತಿಯೆಲ್ಲ ಮಗನ ಎದೆಗೆ ಬಳಿದುಹೋಗಿತ್ತು. “ಆಯ್ತು ಕಣವ್ವ, ಆಯ್ತು, ಬಂದ್ಬುಟ್ಟೋ” ಎಂದು ಅವನು ಮಗುವನ್ನು ಸಮಾಧಾನ ಮಾಡುವ ಹಾಗೆ ಹೇಳುತ್ತಲೇ ಇದ್ದ. ನಾನು ಅವತ್ತು ಅತ್ತಷ್ಟು ನನ್ನ ತಂದೆ ಹೋದಾಗಲೂ ಅತ್ತಿರಲಿಲ್ಲ.

ಜಗಲಿಯ ಮೇಲೆ ಮತ್ತೆ ಕೂರಿಸಿದರು. ರತ್ನ ಹೊಸದಾಗಿ ವಿಭೂತಿ ಹಚ್ಚಿದಳು, ಸವಿತಾ ತನ್ನ ಮದುವೆಯ ಸೀರೆಗಳಲ್ಲೊಂದನ್ನು ತಂದು ಹೊದಿಸಿದಳು. ಮಣ್ಣು ಮಾಡಿ ಬಂದ ಮೇಲೆ ಮಲ್ಲುವಿನ ಕೈ ಹಿಡಿದು, ತಪ್ಪು ನನ್ನದು ಅಂದೆ. ನರಸೀಪುರದಲ್ಲಿ ನಾಲ್ಕು ಮನೆಯವರ ಮುಂದೆ ಅದೇ ಮಾತು ಆಡಿದ್ದಾಗ ಗೋಡೆ ಒಡೆದು ಸರಿಪಡಿಸಲು ಆಗಿತ್ತು. ಮಲ್ಲು, “ಬುಡಿ ಸಾ, ನೀವೇನು ಬೇಕೂಂತ ಮಾಡಿದ್ರಾ” ಅಂದ. ನಾನು ಬೇಕೆಂದೇ ಒಂದು ಟಿಪ್ಪಣಿ ಬರೆಯದೆ ಬಿಟ್ಟಿದ್ದು ಅವನಿಗೆ ಗೊತ್ತಿರಲಿಲ್ಲ. ಹೇಳುವ ಧೈರ್ಯ ಬರಲಿಲ್ಲ. ಇವತ್ತು ಇಲ್ಲಿ ಬರೆಯುತ್ತಿದ್ದೇನೆ, ಅವನೂ ಓದಲಿ.

ಹೊರಮೆಟ್ಟಿಲು ಕಟ್ಟಿಸಿಕೊಡಿ ಎಂದು ಕಚೇರಿಗೆ ಎರಡು ಸಲ ಅರ್ಜಿ ಕೊಟ್ಟೆ. ಪರಿಶೀಲನೆಯಲ್ಲಿದೆ ಅನ್ನುತ್ತಾರೆ. ಆ ಉತ್ತರ ನನಗೆ ಹೊಸದಲ್ಲ, ಬೇರೆಯವರನ್ನು ಹಾಗೇ ಕಾಯಿಸಿದವನು ನಾನೂ.

ಇಂಜಿನಿಯರ್ ಹುಡುಗಿಗೆ ಹೇಳುವುದಾದರೆ ಇಷ್ಟೇ. ಜಗಲಿ, ಕಂಬ, ಹೆಂಚು, ಸೂರು ಇವೆಲ್ಲ ಬೀದಿಯಲ್ಲಿ ನಿಂತು ನೋಡುವವನಿಗೆ ಕಾಣುವಂಥವು. ಅವನ್ನು ಹೊಂದಿಸುವುದು ಕಷ್ಟವಲ್ಲ, ನಾನೇ ಹೊಂದಿಸಿದೆ. ಮನೆಯೊಳಗಿನವರು ಏನಾದರೂ ಕೇಳಿದರೆ, ಉತ್ತರ ಕೊಡುವ ಮುಂಚೆ ಅವರನ್ನು ಆ ಜಾಗದಲ್ಲಿ ನಿಲ್ಲಿಸಿ, ಕೂರಿಸಿ, ತಿರುಗಿಸಿ ನೋಡಮ್ಮ. ಧಾರಾಳವಾಗಿ ಆಗುತ್ತೆ ಎಂಬ ಮಾತನ್ನು ಮಾತ್ರ ಹಗುರಾಗಿ ಆಡಬೇಡ.

ಮೊನ್ನೆ ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಈರಪ್ಪನವರು ಸಿಕ್ಕಿದರು. ಅದೇ ಸಾಲಿನಲ್ಲಿ ಮೂರನೇ ಮನೆ, ಮೇಲ್ಗಡೆ ಇರುವವರು. ಎಂಬತ್ತರ ಹತ್ತಿರದ ಮನುಷ್ಯ. ಪಕ್ಕದಲ್ಲಿ ಮಗ ಒಂದು ಟ್ರಂಕು, ಹಾಸಿಗೆ ಸುರುಳಿ ಹಿಡಿದು ನಿಂತಿದ್ದ. ಎಲ್ಲಿಗೆ ಹೊರಟಿರಿ ಎಂದು ಕೇಳಿದೆ.

“ಎಮ್ಮರಗಾಲಕ್ಕೆ ಸಾ. ತಂಗಿ ಮನೆ ಅದೆ ಅಲ್ಲಿ.”

“ಎಷ್ಟು ದಿನಕ್ಕೆ?”

ಅವರು ನಕ್ಕರು. ಆಮೇಲೆ ನನಗೆ ನೋವಾದೀತು ಎಂದು ತೋಚಿತೋ ಏನೋ, ನನ್ನ ತೋಳು ಮುಟ್ಟಿದರು. “ಮನೆ ಚೆನ್ನಾಗಿ ಕಟ್ಟಿಕೊಟ್ಟಿದ್ದೀರಿ ಸಾ, ನಾನು ಎಲ್ಲಾರ್ಗೂ ಅದೇ ಯೋಳಾದು. ಇರಾಕೆ ಬಾಳ ಚೆನ್ನಾಗದೆ” ಅಂದರು. “ಆದ್ರೆ ನಮ್ ತಂಗಿ ಮನೇಲಿ ಮೆಟ್ಲಿಲ್ಲ.”

ಬಸ್ಸು ಬಂತು. ಮಗ ಟ್ರಂಕು ಹತ್ತಿಸಿದ. ಈರಪ್ಪನವರ ಒಂದು ಕೈ ಅವನು ಹಿಡಿದ, ಇನ್ನೊಂದು ಕೈ ನಾನು ಹಿಡಿದೆ. ಹಾಗೆ, ಆ ಬೀದಿ ಬಿಟ್ಟು ಹೊರಟವರನ್ನು ಬಸ್ಸಿಗೆ ಹತ್ತಿಸಿ ಕಳಿಸಿದೆವು.